ಅವ್ವನ ಗಾಡಿಗೆ ಎರಡು ಪ್ಲಗ್ ಪಾಯಿಂಟು

ಹೋಗಿ ಹೋಗಿ ಪ್ಲಗ್ ಬಗ್ಗೆ ಪೋಸ್ಟ್ ಹಾಕುತ್ತಿದ್ದೇನೆ, ಕ್ಷಮಿಸಿ ಫ್ರೆಂಡ್ಸ್.

ನಾಳೆ ನಮ್ಮವ್ವ ನಮ್ಮೂರ ಪಕ್ಕದ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗಳ ಹತ್ತಿರ ಟ್ರೇಲರ್ ಗಾಡಿಯಲ್ಲಿ ಖಾನಾವಳಿ ಶುರು ಮಾಡುತ್ತಾಳೆ. ಗಾಡಿಯ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ಮಿಕ್ಸರ್ ಹಾಕಬೇಕೆಂದರೆ ಫ್ರಿಜ್ ತೆಗೆಯಬೇಕು. ಹಾಸ್ಟೆಲ್‌ನಿಂದ ರಜೆಗೆ ಬಂದ ನಾನು, ಇಂಜಿನಿಯರಿಂಗ್ ಫಸ್ಟ್ ಇಯರ್ ಗತ್ತಿನಲ್ಲಿ, ವಿಡಿಯೋ ನೋಡಿ ನಿಂತು ಅಡುಗೆ ಮಾಡಲು ಸ್ಟೀಲ್ ಕಟ್ಟೆ ಹಾಕಿಸಿ, ಪ್ಲಗ್‌ಗೆಂದು ನನ್ನ ಎದೆಯೆತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿದೆ. ವೈರಿಂಗ್ ಚಾಚಾ ಅಲ್ಲೇ ಇನ್ನೆರಡು ಪಾಯಿಂಟು ಕೂರಿಸಿ ಹೋದರು.

ಸಂಜೆ ಅವ್ವ ಬಂದಳು. ನನ್ನ ಸ್ಟೀಲ್ ಕಟ್ಟೆಯ ಕಡೆ ನೋಡಲೂ ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಕ್ಕಕ್ಕೆ ಮಿಕ್ಸರ್ ಇಟ್ಟುಕೊಂಡು ವೈರು ಎತ್ತಿದಳು. ಅದು ಪ್ಲಗ್‌ವರೆಗೆ ಮುಟ್ಟಲಿಲ್ಲ.

“ನನ್ನಪ್ಪಾ, ಇದನ್ನ ಒಯ್ದು ಅಟ್ಟದ ಮ್ಯಾಲ ಯಾಕ ಕುಂದ್ರಿಸಿದಿ?”

“ಅವ್ವಾ, ನಿಂತು ಅಡಿಗಿ ಮಾಡಬೇಕು. ಮಾಡರ್ನ್ ಕಿಚನ್ ಇದು.”

“ನಿಂತು ಬಡದ್ರ ರೊಟ್ಟಿ ಹೆಚ್ಚಿಗಿ ಉಬ್ಬತಾವೇನು? ನಾ ಎಂದಾರ ನಿಂತು ರೊಟ್ಟಿ ಬಡದದ್ದು ನೋಡಿಯೇನು?”

ನೋಡಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಕಿಚನ್ನನ್ನೇ ನೋಡಿದವನು ನಾನು. ಅಲ್ಲಿ ಎಲ್ಲರೂ ನಿಂತೇ ಇರುತ್ತಿದ್ದರು.

“ಈಗ ನಾಳಿ ಹ್ಯಾಂಗವ್ವ?” ಎಂದೆ. ಅಳು ಬರುವುದೊಂದು ಬಾಕಿ.

“ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ನೀನೂ ಬಾ. ಮ್ಯಾಲಿಂದು ನೀ ನೋಡ್ಕೊ, ತೆಳಗಿಂದು ನಾ ನೋಡ್ಕೊತೇನಿ.”

ಹೀಗೆ ಇಂಜಿನಿಯರ್ ಸಾಹೇಬರಿಗೆ ಮಿಕ್ಸರ್ ಬಟನ್ ಒತ್ತುವ ಕೆಲಸ ಸಿಕ್ಕಿತು. ಆದರೆ ಸೋಮವಾರ ನಾನು ಹಾಸ್ಟೆಲ್‌ಗೆ ವಾಪಸ್. ಅಷ್ಟರೊಳಗೆ ಪ್ಲಗ್‌ಗಳನ್ನು ಕೂತ ಅವ್ವನ ಕೈಗೆ ಸಿಗುವಷ್ಟು ಕೆಳಗಿಳಿಸಬೇಕು. ದಿನಾ ನೀರು ಹಾಕಿ ತೊಳೆಯುವ ನೆಲದಿಂದ ಪ್ಲಗ್ ಎಷ್ಟು ಎತ್ತರದಲ್ಲಿದ್ದರೆ ಸೇಫ್? ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.