ಕಾವಿಗೆ ಕೂತ ಕೋಳಿಗೆ ಪಥ್ಯ

ಹರಿಹರದ ಸರ್ವಮಂಗಳಮ್ಮನವರ ಹಿತ್ತಲಲ್ಲಿ ಒಂದು ಆಡುಸೋಗೆ ಗಿಡವಿದೆ. ಆ ಓಣಿಯಲ್ಲಿ ಯಾವ ಮಗುವಿನ ಮೂಗು ಸುರಿದರೂ, ಮೈ ಕಾದರೂ, ಅದರ ತಾಯಿ ಥರ್ಮಾಮೀಟರನ್ನು ಮೂರು ಸಲ ಇಟ್ಟು ನೋಡಿ, ಮೂರು ಸಲವೂ ನಂಬದೆ, ಕೊನೆಗೆ ಬಂದು ನಿಲ್ಲುವುದು ಆ ಗಿಡದ ಮುಂದೆ. ಸರ್ವಮಂಗಳಮ್ಮ ಎಲೆ ಬಾಡಿಸಿ, ಹಿಂಡಿ, ಜೇನುತುಪ್ಪ ಬೆರೆಸಿ ಕೊಡುತ್ತಾರೆ. ಅತ್ತೆಯಿಂದ ಬಂದ ವಿದ್ಯೆ. ಆದರೆ ಪಥ್ಯದ ವಿಷಯದಲ್ಲಿ ಮಾತ್ರ ಯಾರ ಮುಲಾಜೂ ಇಲ್ಲ. ಮೂರು ದಿನ ಗಂಜಿ. ಬದನೆಕಾಯಿ, ಮೊಸರು, ಬೇಕರಿ ತಿಂಡಿ ಮುಟ್ಟಬಾರದು. ತಿನ್ನುವವರ ಮನೆಯಾದರೆ ಮೊಟ್ಟೆ ಕಣ್ಣಿಗೂ ಬೀಳಕೂಡದು. ಮೂವತ್ತೆಂಟು ವರ್ಷಗಳಲ್ಲಿ ಯಾರಿಗಾದರೂ ಜ್ವರ ಇಳಿಯಲಿಲ್ಲವೆಂದರೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನು ತಿನ್ನಿಸಿದೆ, ನಿಜ ಹೇಳು." ತಾಯಿ ತಲೆ ತಗ್ಗಿಸುತ್ತಿದ್ದಳು. ಏನಾದರೊಂದು ತಿನ್ನಿಸಿಯೇ ಇರುತ್ತಿದ್ದಳು.

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮನೆ ಮಾಡಿಕೊಂಡು ಅಲ್ಲಿನ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುವ ಸ್ನೇಹಾ ಈ ಸುದ್ದಿ ಕೇಳಿ ಬಂದು, ಒಂದು ಚೀಲ ಎಲೆ ಒಯ್ದಿದ್ದಳು. ನಾಟಿ ಮದ್ದಿನ ಗಿಡಗಳು ಫ್ಲೂ ಜ್ವರದ ವೈರಸ್ಸನ್ನು ತಡೆಯುತ್ತವೆಯೇ ಎಂದು ನೋಡುವುದು ಅವಳ ಕೆಲಸ. ಕಾಲೇಜಿನವರು ತಮ್ಮ ಮನೆಗೆ ಬಂದಿದ್ದರೆಂಬುದನ್ನು ಸರ್ವಮಂಗಳಮ್ಮ ಅಂದೇ ಓಣಿಯ ಎರಡೂ ತುದಿಗೆ ಮುಟ್ಟಿಸಿದ್ದರು. ಹಾಗಾಗಿ ಎರಡು ತಿಂಗಳ ಮೇಲೆ ಸ್ನೇಹಾ ಮತ್ತೆ ಬಂದು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಅಮ್ಮಾರೆ, ನಿಮ್ಮ ಎಲೆ ವೈರಸ್ ಮೇಲೆ ಏನೂ ಕೆಲಸ ಮಾಡಿದಂಗೆ ಕಾಣಲಿಲ್ಲರಿ" ಎಂದಾಗ, ಅವರಿಗೆ ಮೊದಲು ನೆನಪಾದದ್ದು ಓಣಿಯ ಆ ಎರಡು ತುದಿಗಳು.

"ಏನು ತಿನ್ನಿಸಿದ್ರಿ?"

"ಯಾರಿಗ್ರಿ?"

"ಯಾರಿಗೆ ಔಷಧ ಕೊಟ್ರೋ ಅವರಿಗೆ."

"ಮನುಷ್ಯರಿಗೆ ಕೊಟ್ಟಿಲ್ಲರಿ. ಈ ವೈರಸ್ಸು ಮೊಟ್ಟೆಯೊಳಗೆ ಚೆನ್ನಾಗಿ ಬೆಳಿತೈತೆ. ಅದಕ್ಕೇ ಮರಿ ಕಟ್ಟಿದ ಮೊಟ್ಟೆಗೆ ವೈರಸ್ಸು, ನಿಮ್ಮ ಎಲೆ ರಸ ಎರಡೂ ಚುಚ್ಚಿ..."

ಸರ್ವಮಂಗಳಮ್ಮ ಎದ್ದು ನಿಂತರು. "ಮೊಟ್ಟಿಯೊಳಗೆ? ನನ್ನ ಔಷಧಾನಾ? ಮೊಟ್ಟಿ ನೋಡಲೂ ಬ್ಯಾಡ ಅಂತೀನಿ ನಾನು! ಮೊಟ್ಟಿಯೊಳಗೇ ಇಟ್ಟು ಪಥ್ಯ ಕೆಡಿಸಿ, ಆಮೇಲೆ ನನ್ನ ಎಲಿಗೆ ಹೆಸರಿಡ್ತೀರಲ್ಲ ತಂಗಿ!"

ಸ್ನೇಹಾ ನಗು ನುಂಗಿಕೊಂಡಳು. ಆದರೆ ಅವಳಿಗೂ ಒಂದು ಅನುಮಾನವಿತ್ತು. ಅವಳು ತಂದದ್ದು ಫಾರಂ ಮೊಟ್ಟೆ. ಆ ಕೋಳಿಗಳಿಗೆ ಲಸಿಕೆ ಹಾಕಿರುತ್ತಾರೆ, ಅದರ ಗುಣ ಮೊಟ್ಟೆಗೂ ಇಳಿದು ಲೆಕ್ಕ ತಪ್ಪಿರಬಹುದು. "ಲಸಿಕೆ ಕಾಣದ ನಾಟಿ ಕೋಳಿ ಹತ್ತು ದಿನ ಕಾವು ಕೊಟ್ಟ ಮೊಟ್ಟೆ ಹನ್ನೆರಡು ಸಿಕ್ಕರೆ ಇನ್ನೊಂದು ಸಲ ನೋಡ್ತೀನಿ. ಆಮೇಲೆ ವರದಿ ಬರೆದುಬಿಡ್ತೀನಿ," ಎಂದು ಎದ್ದಳು.

ಮೊಟ್ಟೆ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದರೆ, ಪಥ್ಯ ಮಾಡಿದ ಕೋಳಿಯ ಮೊಟ್ಟೆಯಾದರೂ ಆಗಲಿ. ಲಿಂಗಪೂಜೆಗೆ ಕೂತಲ್ಲೇ ಸರ್ವಮಂಗಳಮ್ಮ ಹೀಗೆಂದು ತೀರ್ಮಾನಿಸಿ, ಪೂಜೆ ಮುಗಿಸಿ, ಹಿಂದಿನ ಓಣಿಯ ನುಜತ್ ಮನೆಗೆ ಹೋದರು. ಅಲ್ಲಿ ಒಂದು ಕೆಂಚು ಕೋಳಿ ಅಂದೇ ಕಾವಿಗೆ ಕೂತಿತ್ತು.

"ಪಥ್ಯನಾ? ಅಮ್ಮಾರೆ, ನನ್ನ ಕೋಳಿ ಚರಂಡಿ ಹುಳ ತಿಂತೈತ್ರಿ," ಎಂದಳು ನುಜತ್.

"ಇವತ್ತಿನಿಂದ ಬ್ಯಾಡ."

"ಅದಕ್ಕೆ ಯಾರು ಹೇಳ್ಬೇಕು?"

"ನಾನೇ ಕೂತು ಹೇಳ್ತೀನಿ."

ಕೂತರು, ಹತ್ತು ದಿನ. ಜೋಳದ ನುಚ್ಚು, ಕಾಯಿಸಿ ಆರಿಸಿದ ನೀರು. ಕೋಳಿ ದಿನಕ್ಕೊಮ್ಮೆ ಎದ್ದು ಕಾಲು ಸಡಿಲಿಸಲು ಹೊರಟರೆ ಸರ್ವಮಂಗಳಮ್ಮ ಕೋಲು ಹಿಡಿದು ಹಿಂದೆಯೇ. ಕೊಕ್ಕು ಚರಂಡಿಯ ಕಡೆ ತಿರುಗಿದರೆ ಗದರಿಕೆ. ನಾಲ್ಕನೇ ದಿನದ ಹೊತ್ತಿಗೆ ಅದು ಕೋಳಿಯಾಗಿ ಉಳಿದಿರಲಿಲ್ಲ, ಬಾಣಂತಿಯಾಗಿತ್ತು. ಬುಟ್ಟಿಗೆ ಗಾಳಿ ಸೋಕದಂತೆ ಹಳೆಯ ಸೀರೆ ಬಂತು, ಸಂಜೆಗೆ ಲೋಬಾನದ ಹೊಗೆ ಬಂತು.

"ನನ್ನ ಮೂರು ಹೆರಿಗೀಗೂ ಸೇರಿಸಿ ನಮ್ಮತ್ತಿ ಇಷ್ಟು ಮಾಡ್ಲಿಲ್ಲ," ಎಂದು ನುಜತ್ ಮುಖ ಊದಿಸಿದಳು.

"ನಿಮ್ಮತ್ತಿಗೆ ವರದಿ ಬರೋದಿತ್ತೇನು?"

ಹನ್ನೊಂದನೇ ದಿನ, ಸರ್ವಮಂಗಳಮ್ಮ ತಮ್ಮ ಮನೆಯಿಂದ ತಂದ ರೊಟ್ಟಿಯ ಹಾಟ್‌ಬಾಕ್ಸಿನಲ್ಲಿ ಅರಳೆ ಹಾಸಿ ನುಜತ್ ಹನ್ನೆರಡು ಮೊಟ್ಟೆಗಳನ್ನಿಟ್ಟಳು. ಆ ಡಬ್ಬಿ ಇನ್ನು ಅಡುಗೆಮನೆಗೆ ಬರುವಂತಿಲ್ಲ ಎಂದು ಸರ್ವಮಂಗಳಮ್ಮ ಮನಸ್ಸಿನಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟರು. ದಾವಣಗೆರೆ ಬಸ್ಸಿನಲ್ಲಿ ಕೊರಳಲ್ಲಿ ಲಿಂಗ, ತೊಡೆಯ ಮೇಲೆ ಮೊಟ್ಟೆ. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಅವರು ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಕಾಲೇಜಿನ ಕತ್ತಲೆ ಕೋಣೆಯಲ್ಲಿ ಸ್ನೇಹಾ ಒಂದು ಮೊಟ್ಟೆಯನ್ನು ಸಣ್ಣ ದೀಪದ ಮೇಲೆ ಹಿಡಿದಳು. ಒಳಗೆಲ್ಲ ಕೆಂಪು ನರಗಳ ಬಲೆ. ನಡುವೆ ಒಂದು ಕಪ್ಪು ಚುಕ್ಕೆ ಮಿಸುಕಿತು.

"ಮರಿ ಕಣ್ಣು ರೀ ಅದು," ಎಂದು ಸ್ನೇಹಾ ಉಳಿದವನ್ನೂ ಒಂದೊಂದಾಗಿ ಹಿಡಿದು ನೋಡಿದಳು. "ಹನ್ನೆರಡೂ ಜೀವ ಹಿಡಿದಾವೆ. ಫಾರಂನವು ಹಿಂಗಿರಲಿಲ್ಲ!"

"ಪಥ್ಯ," ಎಂದರು ಸರ್ವಮಂಗಳಮ್ಮ ಹೆಮ್ಮೆಯಿಂದ.

ಸ್ನೇಹಾ ಪೆನ್ಸಿಲಿನಿಂದ ಗುರುತು ಹಾಕತೊಡಗಿದಳು. "ಈ ಆರಕ್ಕೆ ವೈರಸ್ಸು, ಎಲೆ ರಸ. ಈ ಆರಕ್ಕೆ ಬರೀ ವೈರಸ್ಸು."

"ಅವಕ್ಕೆ ಔಷಧ ಯಾವಾಗ?"

"ಅವಕ್ಕೆ ಇಲ್ಲರಿ. ಹೋಲಿಸಿ ನೋಡೋಕೆ. ಔಷಧ ಕೊಡದಿದ್ರೆ ಏನಾಗ್ತೈತೆ ಅಂತ ಗೊತ್ತಾಗ್ಬೇಕಲ್ಲ?"

"ಏನಾಗ್ತೈತೆ? ಜ್ವರ ಬರ್ತೈತೆ! ನಾನೇ ಹೇಳ್ತೀನಿ, ಬರ್ಕೋ. ಮೈ ಕಾದ ಕೂಸು ಬಾಗಿಲಿಗೆ ಬಂದ್ರೆ, ನಿನಗೆ ಕೊಡಲ್ಲ, ನೀನು ಹೋಲಿಸಾಕೆ ಇರು ಅಂತ ಎಂದಾದ್ರೂ ಕಳಿಸೀನಾ?"

"ಹಂಗಾದ್ರೆ ಎಲೆ ಕೆಲಸ ಮಾಡ್ತೈತೆ ಅಂತ ಬರೆಯೋದು ಹೆಂಗೆ ಅಮ್ಮಾರೆ? ಹಳೇ ಫಲಿತಾಂಶನೇ ಉಳಿತೈತೆ."

ಸರ್ವಮಂಗಳಮ್ಮ ಮೊದಲು ಗುರುತು ಹಾಕಿದ ಆರರ ಕಡೆ ಬೆರಳು ತೋರಿಸಿದರು. "ಔಷಧ ಕುಡಿದ ಆರಾದ್ರೂ ಮರಿ ಆಗ್ತಾವಾ?"

"ಎರಡು ದಿನ ಬಿಟ್ಟು ಒಡೆದು ನೋಡ್ಬೇಕ್ರಿ," ಎಂದಳು ಸ್ನೇಹಾ, ಬಹಳ ಮೆಲ್ಲಗೆ. "ಹನ್ನೆರಡನ್ನೂ."

ಮುಂದಿನ ಬಸ್ಸಿಗೇ ಹನ್ನೆರಡೂ ಮೊಟ್ಟೆ ಹರಿಹರಕ್ಕೆ ಹೊರಟವು. ಸರ್ವಮಂಗಳಮ್ಮ ಒಂದೊಂದನ್ನೇ ತಮ್ಮ ಕೈಯಿಂದಲೇ ಎತ್ತಿ ಅರಳೆಯಲ್ಲಿಟ್ಟುಕೊಂಡಿದ್ದರು. ತಡೆಯಲು ಬಂದ ಸ್ನೇಹಾ, ಅವರ ಮುಖ ನೋಡಿ, ಕೊನೆಗೆ ಮುಚ್ಚಳವನ್ನು ತಾನೇ ಹಾಕಿಕೊಟ್ಟಳು. ಕೆಂಚು ಕೋಳಿ ಏನೂ ಕೇಳದೆ ಕೂತಿತು. ಹನ್ನೊಂದು ಮರಿಯಾದವು.

ಆ ವಾರವೇ ಓಣಿಯ ಸುಮಾ ಮಗನನ್ನು ಸೊಂಟದ ಮೇಲೆ ಹೊತ್ತು ಓಡಿ ಬಂದಳು. "ನೂರಾ ಒಂದು ಐತ್ರಿ. ಒಂದೊಂದ್ಸಲ ನೂರಾ ಎರಡೂ ತೋರಿಸ್ತೈತೆ. ಎಲಿ ಕೊಡ್ರಿ ಲಗೂನ."

ಸರ್ವಮಂಗಳಮ್ಮ ಗಿಡದ ಹತ್ತಿರ ಹೋಗಿ, ಎಲೆ ಕೀಳದೆ ನಿಂತರು. ಹೇಳದೆ ಕೊಡಲು ಮನಸ್ಸು ಒಪ್ಪಲಿಲ್ಲ. "ನೋಡು ಸುಮಾ, ದಾವಣಗೆರ್‍ಯಾಗೆ ಇದು ಕೆಲಸ ಮಾಡ್ಲಿಲ್ಲಂತೆ. ನನ್ನ ನೆಚ್ಚಿ ಕೂಡಬ್ಯಾಡ. ಮೊದಲು ಡಾಕ್ಟ್ರಿಗೆ ತೋರಿಸು."

"ತೋರಿಸ್ಕೊಂಡೇ ಬಂದೀನ್ರಿ," ಎಂದಳು ಸುಮಾ, ಚೀಲದಿಂದ ಸಿರಪ್ಪಿನ ಬಾಟಲಿ ತೆಗೆದು. "ಯಾವಾಗ್ಲೂ ಅಲ್ಲಿಗೆ ಹೋಗೇ ಇಲ್ಲಿಗೆ ಬರೋದು. ಎಲ್ಲಾರೂ ಹಂಗೇ ಮಾಡ್ತಾರೆ. ನೀವು ಬೇಜಾರು ಮಾಡ್ಕೊಂತೀರಿ ಅಂತ ಹೇಳಲ್ಲ ಅಷ್ಟೇ."

"ಎಲ್ಲಾರೂನಾ?"

"ಎಲ್ಲಾರೂ."

"ಎಷ್ಟು ವರ್ಷದಿಂದ?"

"ನನಗೆ ತಿಳಿದಾಗಿಂದ. ನಮ್ಮವ್ವನೂ ಹಂಗೇ ಮಾಡ್ತಿದ್ಳು."

ಸರ್ವಮಂಗಳಮ್ಮ ಬಾಟಲಿಯನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು, ಒಳಗಿನ ಕೆಂಪು ನೀರನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾಲ್ಕು ಎಲೆ ಕಿತ್ತರು.

"ಸರಿ. ಮುಂಜಾನೆ ಅದನ್ನ ಹಾಕು, ಸಂಜೀಗೆ ಇದನ್ನ ಹಾಕು. ಎರಡೂ ಒಟ್ಟಿಗೆ ಬ್ಯಾಡ."