ಒಂದು ಚೊಂಬು ತಣ್ಣನೆ ನೀರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮಡಕೆ ಇದ್ದದ್ದು ನಡುಮನೆಯಲ್ಲೋ ಅಡುಗೆಮನೆ ಬಾಗಿಲ ಬಳಿಯೋ, ನನ್ನ ಡೈರಿಯಲ್ಲೇ ಎರಡು ಥರ ಬರೆದಿದ್ದೇನೆ. ಆದರೆ ಹೊಸ ಮಡಕೆಗೆ ಮೊದಲ ನೀರು ಬಿದ್ದಾಗ ಏಳುವ ವಾಸನೆ ಎಲ್ಲಿ ಮೂಗಿಗೆ ತಾಕಿದರೂ ಜಗಳೂರಿನ ಆ ಮನೆ ನೆನಪಾಗುತ್ತದೆ: ಮರಳಿನ ಗುಡ್ಡೆ, ಅದರ ಮೇಲೆ ಒದ್ದೆ ಗೋಣಿ ಸುತ್ತಿದ ಮಡಕೆ, ಪಕ್ಕದಲ್ಲಿ ಅಮ್ಮನ ಅಮ್ಮ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಡಕೆ ಇದ್ದಿರಬಹುದು. ಅಜ್ಜಿಗೆ ‘ತಣ್ಣಗೆ’ ಎಂಬ ಒಂದು ಮಾತು ಎಷ್ಟೋ ಕೆಲಸಕ್ಕೆ ಸಾಕಾಗುತ್ತಿತ್ತು. ನಾನು ಚಡಪಡಿಸಿದರೆ, “ತಣ್ಣಗೆ ಕುಂದ್ರೇ, ಕುರಿ ಕಾಯಾಕೆ ಹೋಗ್ಬೇಕೇನು ನೀನು?” ಒಲೆಯನ್ನು ಅವಳು ಆರಿಸುತ್ತಿರಲಿಲ್ಲ, ತಣ್ಣಗೆ ಮಾಡುತ್ತಿದ್ದಳು. ಮಜ್ಜಿಗೆ ಕುಡಿದ ದಾರಿಹೋಕರು “ತಣ್ಣಗಿರಮ್ಮಾ” ಎಂದರೆ ಆ ದಿನವಿಡೀ ಹಗುರಾಗಿರುತ್ತಿದ್ದಳು.

ಅಜ್ಜ ತೀರಿಕೊಂಡ ಬೇಸಿಗೆಯಲ್ಲಿ ಅದೇ ಮಾತು ಬೇರೆ ದನಿಯಲ್ಲಿ ಬಂತು. ಸಂತೇಬೆನ್ನೂರಿಗೆ ಕೊಟ್ಟಿದ್ದ ಅಮ್ಮನ ತಂಗಿ, ಗಿರಿಜ ಚಿಕ್ಕಮ್ಮ, ದಾವಣಗೆರೆಯಲ್ಲಿ ಬಸ್ಸು ತಪ್ಪಿ, ಮಣ್ಣು ಮಾಡಿ ಮುಗಿದ ಮೇಲೆ ಬಂದಿಳಿದಳು. “ಅಪ್ಪ ತಣ್ಣಗಾದ ಮ್ಯಾಲೆ ಬಂದ್ಯಲ್ಲೇ, ಯಾರ್ನ ನೋಡಾಕೆ?” ಎಂದಳು ಅಜ್ಜಿ, ನೆರೆದವರೆಲ್ಲರ ಎದುರು. ಚಿಕ್ಕಮ್ಮ ನೀರೂ ಮುಟ್ಟದೆ ಹೊರಟುಹೋದಳು. ಹಾಗೆ ಹೋಗುವುದೆಂದರೆ ಆ ಮನೆಯ ನಂಟು ಬಿಟ್ಟಂತೆಯೇ.

ಮರುವರ್ಷ ನಾವು ರಜೆಗೆ ಅಲ್ಲಿದ್ದಾಗ, ಬಿಳಿಚೋಡಿನ ಮದುವೆಗೆ ಹೊರಟಿದ್ದ ಚಿಕ್ಕಮ್ಮ, ಅಮ್ಮನ ಒತ್ತಾಯಕ್ಕೆ ಜಗಲಿಯವರೆಗೆ ಬಂದಳು. ಒಳಗೆ ಬರಲಿಲ್ಲ. ಅಜ್ಜಿಯೂ ಹೊರಗೆ ಹೋಗಲಿಲ್ಲ. ಚೊಂಬನ್ನು ಮಡಕೆಯಲ್ಲಿ ಅದ್ದಿ ನನ್ನ ಕೈಗಿತ್ತು, “ಕೊಡೋಗು. ಕುಡಿದ್ಲಾ ಇಲ್ಲಾ ನೋಡ್ಕಂಡ್ ಬಾ” ಎಂದಳು. ಕೊಟ್ಟೆ. ಅಷ್ಟರಲ್ಲಿ ಬೀದಿಯಲ್ಲಿ ಕುರಿಹಿಂಡು ಹಾಯಿತು, ಅತ್ತ ನೋಡಿದೆ. ತಿರುಗಿದಾಗ ಚೊಂಬು ಖಾಲಿ, ಜಗಲಿಯ ಕೆಳಗಿನ ಕಲ್ಲು ಒದ್ದೆ. ತುಳುಕಿದ ನಾಲ್ಕು ಹನಿಯ ಒದ್ದೆಯೋ, ಒಂದು ಚೊಂಬಿನದೋ ಹೇಳಲಾರೆ. ಆ ಒದ್ದೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಒಳಗೆ ಬಂದು “ಕುಡಿದ್ಲು” ಎಂದೆ.

“ಪೂರಾ?”

“ಪೂರಾ.”

ಅಜ್ಜಿ ಗೋಡೆಗೊರಗಿ, “ನನ್ನ ಹೊಟ್ಟೆ ತಣ್ಣಗಾತು ಬಿಡು” ಎಂದಳು. ಅವಳು ಆ ಮಳೆಗಾಲ ದಾಟಲಿಲ್ಲ. ತಾಯಿ ಮಗಳು ಮತ್ತೆ ಮುಖ ನೋಡಲಿಲ್ಲ. ಆ ಮನೆ ಈಗ ಮೆಕ್ಕೆಜೋಳದ ಗೋದಾಮು.

ಹೋದ ತಿಂಗಳು ಸಂತೇಬೆನ್ನೂರಿಗೆ ಹೋಗಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಫ್ರಿಜ್ಜಿನ ಪಕ್ಕ, ಮರಳಿನ ಮೇಲೆ, ಹೊಸ ಮಡಕೆ. ಆ ವಾಸನೆಗೇ ಇರಬೇಕು, ಕೇಳಿಬಿಟ್ಟೆ: “ಚಿಕ್ಕಮ್ಮಾ, ಅವತ್ತು ಜಗಲಿ ಮೇಲೆ ಆ ನೀರು ಕುಡಿದ್ಯಾ, ಚೆಲ್ಲಿದ್ಯಾ?” ಅವಳು “ಬಿಸಿಲಾಗೆ ಬಂದೀಯ” ಎಂದು ಚೊಂಬು ತುಂಬಿ ತಂದು ಕೊಟ್ಟಳು. ನಾನು ಪೂರಾ ಕುಡಿಯುವ ತನಕ ಎದುರೇ ನಿಂತಿದ್ದಳು. ಆಮೇಲೆ ಖಾಲಿ ಚೊಂಬು ತೆಗೆದುಕೊಂಡು ಒಳಗೆ ಹೋದಳು.