ಕೊನೆಯ ಕಂತೆಯ ತೂಕಗಳು

ಜಾಲಹಳ್ಳಿಯ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಸಿದ್ದಲಿಂಗಯ್ಯನವರು ಮೂವತ್ತನಾಲ್ಕು ವರ್ಷ ಎರಡು ತಿಂಗಳು ದುಡಿದರು. ಮುರಿದ ಗಿಯರ್ ಕೈಗಿಟ್ಟರೆ ಸಾಕು, ಅದರ ನಕ್ಷೆ ಯಾವ ಬೀರುವಿನಲ್ಲಿದೆ ಎಂದು ಹೇಳಬಲ್ಲವರಾಗಿದ್ದರು. ಅಂಥವರಿಗೆ ಒಂದು ಶಾಲು ಹೊದಿಸಿ ಕಳುಹಿಸಿದ ಮೇಲೆ ಹನ್ನೊಂದು ವರ್ಷ ಯಾರೂ ಏನನ್ನೂ ಕೇಳಲಿಲ್ಲ! ಮದುವೆಯಾಗದ ಅವರಿಗೆ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ.

ಕಳೆದ ವರ್ಷ, ಅದೇ ಕಾರ್ಖಾನೆಯ ಹಳೆಯ ಯಂತ್ರಗಳಿಗೆ ಬಿಡಿಭಾಗ ಮಾಡುವ ಪೀಣ್ಯದ ಸಣ್ಣ ಕಂಪನಿಯಿಂದ ಕಾವ್ಯಾ ಎಂಬ ಇಂಜಿನಿಯರ್ ನಕ್ಷೆಗಳ ವಿಚಾರಕ್ಕೆ ಸಿದ್ದಲಿಂಗಯ್ಯನವರನ್ನು ಕರೆದಳು. ಅಂದಿನಿಂದ ಪ್ರತಿ ಗುರುವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ರೊ ಹತ್ತಿದರು. ಅಲ್ಲಿಗೆ ಕ್ವಾಂಟಮ್ ಯಂತ್ರವೇ ಬಂದಿದೆಯೆಂದು ಕೆಲವರು ಡಂಗುರ ಸಾರಿದ್ದು ಶುದ್ಧ ಸುಳ್ಳು. ಇದ್ದದ್ದು, ಹೊಂದುವ ನಕ್ಷೆಗಳಲ್ಲಿ ಕೇಳಿದಾಗಲೆಲ್ಲ ಒಂದನ್ನಷ್ಟೇ ಎತ್ತಿಕೊಡುವ ಕ್ವಾಂಟಮ್ ಹುಡುಕಾಟವನ್ನು ಸಾಧಾರಣ ಕಂಪ್ಯೂಟರಿನಲ್ಲೇ ಅನುಕರಿಸುವ ಪ್ರೋಗ್ರಾಂ.

"ಸಾರ್, ಈ ಗಿಯರ್‌ಗೆ ನಾಲ್ಕು ನಕ್ಷೆ ಹೊಂದ್ತವೆ. ನೂರು ಸಲ ಕೇಳಿದ್ರೆ ಒಂದೊಂದೂ ಸುಮಾರು ಇಪ್ಪತ್ತೈದು ಸಲ ಬರ್ತಿದೆ," ಎಂದಳು ಕಾವ್ಯಾ.

"ರದ್ದಾದ ನಕ್ಷೆಗೂ ಚಾಲ್ತಿಯ ನಕ್ಷೆಗೂ ಒಂದೇ ಪಂಕ್ತೀಲಿ ಎಲೆ ಹಾಕ್ತೀರೇನಮ್ಮಾ?"

"ಅದಕ್ಕೇ ನಿಮ್ಮನ್ನ ಕರೆದಿದ್ದು ಸಾರ್! ಶುರುವಲ್ಲೇ ಬೇರೆ ಬೇರೆ ತೂಕ ಕೊಟ್ರೆ, ಉತ್ತರಗಳೂ ಅದೇ ಪ್ರಮಾಣದಲ್ಲಿ ಬರ್ತವೆ. ಕೊನೇದು ರದ್ದಾಗಿರೋದು, ಅದಕ್ಕೆ ಸೊನ್ನೆ ಹಾಕ್ಲಾ?"

"ಹಾಕಿದ್ರೆ?"

"ಎಷ್ಟು ಹುಡುಕಿದ್ರೂ ಅದು ಬರೋದೇ ಇಲ್ಲ."

"ಹಾಗಾದ್ರೆ ಬೇಡ. ಜಿಗಣೀಲಿ ಆ ನಕ್ಷೆಯ ಯಂತ್ರ ಒಂದು ಇನ್ನೂ ಓಡ್ತಿದೆ. ಬರ್ಕೊಳ್ಳಿ: ಅರವತ್ತು, ಮೂವತ್ತು, ಒಂಬತ್ತು, ಒಂದು."

ಹೀಗೆ ಕಂತೆ ಕಂತೆಯಾಗಿ ನಕ್ಷೆಗಳಿಗೆ ತೂಕ ಬಿತ್ತು. ಒಂದು ಗುರುವಾರ ಕಾವ್ಯಾ ನಗುತ್ತಾ, "ಇನ್ನೊಂದೇ ಕಂತೆ ಸಾರ್. ಆಮೇಲೆ ನಿಮ್ಗೆ ತೊಂದ್ರೆ ಕೊಡಲ್ಲ," ಎಂದಳು.

ತೊಂದರೆಯಂತೆ! ಮನೆಗೆ ಮರಳುವಾಗ ಅವರಿಗೊಂದು ಯೋಚನೆ ಬಂತು. ಕೆಲವಕ್ಕೆ 'ನೆನಪಾಗ್ತಿಲ್ಲ' ಎಂದುಬಿಟ್ಟರೆ ಇನ್ನೂ ಎರಡು ಮೂರು ಗುರುವಾರ ದಕ್ಕುತ್ತಿದ್ದವು. ಮುಂದಿನ ವಾರ ಕಂತೆ ಬಿಚ್ಚಿದಾಗ ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ನಕ್ಷೆ ತಪ್ಪಿದರೆ ಎಲ್ಲೋ ಒಬ್ಬನ ಯಂತ್ರ ನಿಲ್ಲುತ್ತದೆ. ಅವರು ಮೂವತ್ತೆಂಟು ನಕ್ಷೆಗಳಿಗೂ ತೂಕ ಹೇಳಿದರು, ಒಂದನ್ನೂ ಬಿಡದೆ.

"ಮುಗೀತು ಸಾರ್! ಸೂಪರ್!" ಎಂದ ಕಾವ್ಯಾ, ಫೋನ್ ಬಂದದ್ದರಿಂದ ಮಾತಾಡುತ್ತಲೇ ಒಳಗೆ ಹೋದಳು.

ಮರುವಾರ ಗುರುವಾರ ಹತ್ತು ಗಂಟೆಗೆ ಸಿದ್ದಲಿಂಗಯ್ಯನವರು ತಮ್ಮ ಬಳಿ ಉಳಿದಿದ್ದ ತೂಕಗಳ ಪಟ್ಟಿಯ ಪ್ರತಿಯನ್ನು ಮೇಜಿನ ಮೇಲೆ ಹರಡಿ ಒಂದೊಂದೇ ಅಂಕಿಯನ್ನು ಪರೀಕ್ಷಿಸಿದರು. ಒಂದೇ ಒಂದು ತಪ್ಪು ಸಿಕ್ಕಿದ್ದರೂ ತಿದ್ದಿಸುವ ನೆಪದಲ್ಲಿ ಪೀಣ್ಯಕ್ಕೆ ಹೋಗಬಹುದಿತ್ತು. ಸಂಜೆಯವರೆಗೆ ಎರಡು ಸಲ ನೋಡಿದರು. ಎಲ್ಲವೂ ಸರಿಯಾಗಿತ್ತು.